ಹಾಕದ ಸೂಜಿಯೂ ಚಿಕಿತ್ಸೆಯೇ

ಶಿವಮೊಗ್ಗ

ಚಿ. ಶ್ರಾವಣಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ದಾವಣಗೆರೆಯಲ್ಲಿ ನಿನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಜಾಗ ಸಿಕ್ಕಿತೆಂದು ನಿನ್ನಮ್ಮ ಹೇಳಿದಳು. ಡ್ರೈ ನೀಡ್ಲಿಂಗ್, ಅಂದರೆ ಔಷಧವಿಲ್ಲದ ಸೂಜಿ ಹಾಕುವ ತರಬೇತಿಯೂ ಮುಗಿಯಿತಂತೆ. ಸಂತೋಷ ಕಣೇ. "ಪಿರಿಫಾರ್ಮಿಸ್‌ಗೆ ಸೂಜಿ ಹಾಕಬೇಕೆಂದರೆ ಈಗಲೂ ಕೈ ನಡುಗುತ್ತೆ, ಏನಾದರೂ ಹೇಳು ದೊಡ್ಡಮ್ಮ" ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಈ ಕಾಗದ.

ಕೈ ನಡುಗಿದರೆ ನಡುಗಲಿ ಬಿಡು. ಪೃಷ್ಠದ ಅಷ್ಟು ಆಳದ ಸ್ನಾಯುವಿಗೆ, ಮೈಯಲ್ಲೇ ಅತಿ ದಪ್ಪನೆಯ ನರದ ಪಕ್ಕದಲ್ಲಿ ಸೂಜಿ ಇಳಿಸುವವರಿಗೆ ಒಂದಿಷ್ಟು ಅಳುಕು ಇರಬೇಕಾದದ್ದೇ. ದಿನ ಕಳೆದಂತೆ ಅದು ತಾನಾಗಿ ಕಡಿಮೆಯಾಗುತ್ತದೆ. ತಾನಾಗಿ ಬರದ ವಿದ್ಯೆ ಇನ್ನೊಂದಿದೆ: ಯಾವಾಗ ಸೂಜಿ ಹಾಕಬಾರದು ಎಂದು ತಿಳಿಯುವುದು. ತರಬೇತಿಯಲ್ಲಿ ಅದಕ್ಕೆ ಅರ್ಧ ಗಂಟೆ ಕೊಟ್ಟಿದ್ದರೆ ಹೆಚ್ಚು. ನಾನು ಇಡೀ ಪತ್ರವನ್ನೇ ಅದಕ್ಕೆ ಕೊಡುತ್ತೇನೆ.

ನಮ್ಮ ಜನಕ್ಕೆ ಸೂಜಿಯ ಮೇಲಿರುವ ನಂಬಿಕೆ ನಿನಗೂ ಗೊತ್ತು. ಚೆನ್ನಾಗಿ ಪರೀಕ್ಷೆ ಮಾಡಿ ಮಾತ್ರೆ ಬರೆದುಕೊಟ್ಟ ಡಾಕ್ಟರ ಬಗ್ಗೆ "ಒಂದು ಸೂಜಿನೂ ಹಾಕಲಿಲ್ಲ" ಎಂದು ಗೊಣಗುತ್ತ ಹೋಗುವವರನ್ನು ಆಸ್ಪತ್ರೆಯ ವರಾಂಡದಲ್ಲಿ ವರ್ಷಗಟ್ಟಲೆ ನೋಡಿದವಳು ನಾನು. ಇನ್ನು ಅದೇ ನಂಬಿಕೆ ಹೊತ್ತು ನಿನ್ನ ಬಾಗಿಲಿಗೂ ಬರುತ್ತಾರೆ. ನಂಬಿಕೆಗೇ ನೋವು ಇಳಿಸುವ ಶಕ್ತಿ ಇದೆ. ಚರ್ಮ ದಾಟದ ಹುಸಿ ಸೂಜಿ ತಾಗಿಸಿದಾಗಲೂ ಎಷ್ಟೋ ಮಂದಿಗೆ ಹಾಯೆನಿಸುವುದು ಸಂಶೋಧನೆಗಳಲ್ಲಿ ಕಂಡ ವಿಷಯವೇ. ಆದ್ದರಿಂದ ನೋವು ಕಡಿಮೆಯಾಯಿತು ಎಂದ ಮಾತ್ರಕ್ಕೆ ನಿನ್ನ ನಿದಾನ ಸರಿಯಾಗಿತ್ತು ಎಂದು ತೀರ್ಮಾನಿಸಬೇಡ.

ಮೊದಲು ಆ ಜಾಗವನ್ನು ನೆನಪು ಮಾಡಿಕೋ. ಪಿರಿಫಾರ್ಮಿಸ್ ಸೇಕ್ರಮ್ ಮೂಳೆಯ ಒಳಮುಖದಲ್ಲಿ ಹುಟ್ಟಿ, ಕಿಬ್ಬೊಟ್ಟೆಯ ಗೂಡಿನಿಂದ ಹೊರಬಂದು, ತೊಡೆಮೂಳೆಯ ಮೇಲ್ತುದಿಯ ಗುಬುಟಿಗೆ ಅಂಟಿಕೊಳ್ಳುವ ಪುಟ್ಟ ಸ್ನಾಯು. ನಿಂತಿದ್ದಾಗ ತೊಡೆಯನ್ನು ಹೊರಮುಖವಾಗಿ ತಿರುಗಿಸುತ್ತದೆ, ಕುಳಿತು ತೊಡೆ ಮಡಚಿದಾಗ ಅದನ್ನು ಪಕ್ಕಕ್ಕೆ ಸರಿಸಲು ನೆರವಾಗುತ್ತದೆ. ಮೇಲೆ ಗ್ಲೂಟಿಯಸ್ ಮ್ಯಾಕ್ಸಿಮಸ್ಸಿನ ದಪ್ಪ ಪದರ. ಕೆಳ ಅಂಚಿನಿಂದ ಸಯಾಟಿಕ್ ನರ ಹೊರಬರುತ್ತದೆ. 100 ಜನರಲ್ಲಿ ಸುಮಾರು 16-17 ಜನರಿಗೆ ಮಾತ್ರ ಈ ನರವೋ ಅದರ ಒಂದು ಕವಲೋ ಸ್ನಾಯುವನ್ನು ಸೀಳಿಕೊಂಡು ಅಥವಾ ಅದರ ಮೇಲ್ಬದಿಯಿಂದ ಬರುತ್ತದೆ. ಮಲಗಿರುವವರು ಯಾವ ಗುಂಪಿನವರು ಎಂದು ಮೇಲಿನಿಂದ ಮುಟ್ಟಿ ಹೇಳಲು ಬರುವುದಿಲ್ಲ. ಪಿರಿಫಾರ್ಮಿಸ್ ನೋವಿಗೆಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲೂ ಈ ವ್ಯತ್ಯಾಸದ ಪ್ರಮಾಣ ಹೆಚ್ಚುಕಡಿಮೆ ಇಷ್ಟೇ. ಅಂದರೆ ನರ ಬೇರೆ ದಾರಿ ಹಿಡಿದಿದ್ದರಿಂದಲೇ ನೋವು ಬಂತು ಎನ್ನುವಂತೆಯೂ ಇಲ್ಲ.

ಈ ಸ್ನಾಯುವಿನ ಮೇಲೆ ವೈದ್ಯರ ಕಣ್ಣು ಬಿದ್ದ ಕಥೆಯೂ ನಿನಗೆ ಗೊತ್ತಿರಲಿ. ಸೇಕ್ರೋಇಲಿಯಾಕ್ ಕೀಲಿನ ಉರಿಯೂತ, ಪಿರಿಫಾರ್ಮಿಸ್, ಕಾಲಿಗೆ ಇಳಿಯುವ ನೋವು, ಈ ಮೂರಕ್ಕೂ ನಂಟು ಕಟ್ಟಿ ಯೋಮನ್ ಎಂಬವರು 1928ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. 1934ರಲ್ಲಿ ಅಮೆರಿಕದ ಫ್ರೈಬರ್ಗ್ ಮತ್ತು ವಿಂಕೆ ಆ ಮಾತನ್ನು ಮುಂದುವರಿಸಿದರು. ಆದರೆ ಅದೇ 1934ರಲ್ಲಿ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್, ಬೆನ್ನುಮೂಳೆಯ ಡಿಸ್ಕ್ ಹೊರಚಾಚಿ ನರ ಒತ್ತುವುದರಿಂದ ಕಾಲಿಗೆ ಇಳಿಯುವ ಸಯಾಟಿಕಾ ನೋವು ಬರುತ್ತದೆ ಎಂದು ತೋರಿಸಿಕೊಟ್ಟರು. ಅದು ದೊಡ್ಡ ಸಾಧನೆಯೇ. ಅಲ್ಲಿಂದ ಮುಂದೆ ಎಲ್ಲರ ನೋಟ ಡಿಸ್ಕಿನತ್ತ ಹೊರಳಿತು, ಪೃಷ್ಠದ ಸ್ನಾಯು ಹಿಂದೆ ಉಳಿಯಿತು. 1947ರಲ್ಲಿ ರಾಬಿನ್ಸನ್ 'ಪಿರಿಫಾರ್ಮಿಸ್ ಸಿಂಡ್ರೋಮ್' ಎಂಬ ಹೆಸರಿಟ್ಟರು. ಈಗ ಅದರ ಸುತ್ತಲಿನ ಬೇರೆ ಸ್ನಾಯು, ನಾರುಪಟ್ಟಿಗಳನ್ನೂ ಸೇರಿಸಿ 'ಡೀಪ್ ಗ್ಲೂಟಿಯಲ್ ಸಿಂಡ್ರೋಮ್' ಎನ್ನುವುದು ರೂಢಿಯಾಗುತ್ತಿದೆ.

ಇದರಲ್ಲಿ ನಿನಗೆ ಎರಡು ಪಾಠ. ಒಂದು, ಎಂಆರ್‌ಐ ವರದಿ ಹಿಡಿದು "ಡಿಸ್ಕ್ ಬಲ್ಜ್ ಆಗಿದೆಯಂತೆ" ಎಂದು ಬರುವವರ ನೋವೆಲ್ಲ ಡಿಸ್ಕಿನದ್ದೇ ಆಗಿರಬೇಕಿಲ್ಲ. ಯಾವ ನೋವೂ ಇಲ್ಲದವರನ್ನು ಸ್ಕ್ಯಾನ್ ಮಾಡಿದ ಅಧ್ಯಯನಗಳನ್ನೆಲ್ಲ 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, 20ರ ವಯಸ್ಸಿನವರಲ್ಲೇ ಶೇ. 30ರಷ್ಟು, 80ರವರಲ್ಲಿ ಶೇ. 84ರಷ್ಟು ಮಂದಿಗೆ ಡಿಸ್ಕ್ ಬಲ್ಜ್ ಇತ್ತು. ಇನ್ನೊಂದು ಇದರ ತಿರುವುಮುರುವು. ಸೂಜಿ ಕಲಿತವರಿಗೆ ಪೃಷ್ಠದ ಪ್ರತಿ ನೋವೂ ಪಿರಿಫಾರ್ಮಿಸ್ ಆಗಿ ಕಾಣತೊಡಗುತ್ತದೆ. ಆಗ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಗಾದೆಯೇ ಗತಿ.

ಪಿರ್ರೆಯ ಆಳದಲ್ಲಿ ನೋವು ಎಂದು ಬರುವವರನ್ನು ಹೇಗೆ ಬೇರ್ಪಡಿಸಿ ನೋಡಬೇಕು ಎಂದು ಹೇಳುತ್ತೇನೆ, ನಿಧಾನವಾಗಿ ಓದು.

ಸ್ನಾಯುವಿನ ನೋವಾದರೆ ಸಾಮಾನ್ಯವಾಗಿ ಹತ್ತಿಪ್ಪತ್ತು ನಿಮಿಷ ಕೂತರೆ ಕೆಣಕುತ್ತದೆ, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಸಡಿಲವಾಗುತ್ತದೆ. ಕಾಲ ಮೇಲೆ ಕಾಲು ಹಾಕುವುದು, ಕಾರಿನಿಂದ ಇಳಿಯುವುದು, ಮೆಟ್ಟಿಲು ಹತ್ತುವುದು ಕಷ್ಟ. ಒತ್ತಿದಾಗ ಅದೇ ಪರಿಚಯದ ನೋವು ಏಳುತ್ತದೆ, ಕೆಲವೊಮ್ಮೆ ತೊಡೆಯ ಹಿಂಭಾಗಕ್ಕೂ ಇಳಿಯುತ್ತದೆ. ಪಕ್ಕಕ್ಕೆ ಮಲಗಿಸಿ, ಮೇಲಿನ ತೊಡೆಯನ್ನು ಮಡಚಿ, ಒಳಕ್ಕೆ ಚಾಚಿ ತಿರುಗಿಸಿದಾಗ ನೋವು ಬಂದರೆ ಗುಮಾನಿ ಗಟ್ಟಿಯಾಗುತ್ತದೆ. ಆದರೂ ಅದು ಗುಮಾನಿಯೇ. ಖಚಿತವಾಗಿ ಹೇಳುವ ಒಂದೇ ಒಂದು ಪರೀಕ್ಷೆ ಇದಕ್ಕಿಲ್ಲ.

ಈಗ ಒಬ್ಬ ಹುಡುಗನನ್ನು ಊಹಿಸಿಕೋ. ಇಪ್ಪತ್ತೈದರ ಆಸುಪಾಸು. ಒಂದು ವಾರ ಬಲ ಪಿರ್ರೆ, ಮುಂದಿನ ವಾರ ಎಡ. ರಾತ್ರಿಯ ಕೊನೆಯ ಜಾವದಲ್ಲಿ ನೋವಿಗೆ ಎಚ್ಚರವಾಗುತ್ತದೆ. ಬೆಳಿಗ್ಗೆ ಎದ್ದಮೇಲೆ ಅರ್ಧ ಗಂಟೆಗೂ ಮಿಕ್ಕಿ ಸೊಂಟ ಮರಗಟ್ಟಿದಂತಿರುತ್ತದೆ, ಓಡಾಡಿದರೆ ಸರಿಹೋಗುತ್ತದೆ, ವಿಶ್ರಾಂತಿ ತೆಗೆದುಕೊಂಡರೆ ಹೆಚ್ಚುತ್ತದೆ. ಅವನಿಗೆ ಬೇಕಾದದ್ದು ನಿನ್ನ ಸೂಜಿಯಲ್ಲ, ರುಮಟಾಲಜಿಸ್ಟ್. ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಹೀಗೆಯೇ ಮೊದಲಾಗುವುದುಂಟು. ನೀನು ಸೂಜಿ ಹಾಕಿ ತಾತ್ಕಾಲಿಕವಾಗಿ ಹಾಯೆನಿಸಿದರೆ ಅವನು ಇನ್ನೂ ಆರು ತಿಂಗಳು ಸುಮ್ಮನಿರುತ್ತಾನೆ, ಒಳಗಿನ ಉರಿಯೂತ ಸುಮ್ಮನಿರುವುದಿಲ್ಲ.

ತೊಡೆಸಂದಿಯಲ್ಲೂ ನೋವು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಆಗುತ್ತಿಲ್ಲ, ಹಿಂದೆ ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡಿದ್ದಾರೆ ಅಥವಾ ಕುಡಿತ ಜಾಸ್ತಿ ಎಂದಾದರೆ ಸೊಂಟದ ಕೀಲಿನ ಮೂಳೆಗೆ ರಕ್ತ ಕಡಿಮೆಯಾಗಿ ಅದು ಸಾಯುತ್ತಿದೆಯೇ ಎಂದು ನೋಡಿಸಬೇಕು. ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ನೋವು ಇದ್ದರೆ ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯುವ ಹಾಗಿಲ್ಲ, ಗಡ್ಡೆಯನ್ನೂ ಮರೆಯುವ ಹಾಗಿಲ್ಲ. ಹೆಣ್ಣುಮಕ್ಕಳಲ್ಲಿ ನೋವು ಮುಟ್ಟಿನ ದಿನಗಳಿಗೆ ಸರಿಯಾಗಿ ಏರಿ ಇಳಿಯುತ್ತಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಲು ಹೇಳು. ಎಂಡೊಮೆಟ್ರಿಯೋಸಿಸ್ ಸಯಾಟಿಕ್ ನರದ ಹತ್ತಿರವೂ ಬೇರು ಬಿಡಬಲ್ಲದು. ಕೂರುವ ಜಾಗವೆಲ್ಲ ಜೋಮು ಹಿಡಿದಿದೆ, ಮೂತ್ರ ಬರುತ್ತಿಲ್ಲ ಅಥವಾ ಹತೋಟಿ ತಪ್ಪಿದೆ, ಪಾದ ಎತ್ತಲಾಗುತ್ತಿಲ್ಲ ಎಂದರೆ ಮಾತು ಬೆಳೆಸದೆ ಆ ಹೊತ್ತಿಗೇ ದೊಡ್ಡಾಸ್ಪತ್ರೆಗೆ ಕಳಿಸು. ಅದರಲ್ಲಿ ಗಂಟೆಗಳ ಲೆಕ್ಕ.

ಇಷ್ಟೆಲ್ಲ ತಿಳಿಯುವುದು ಅವರು ಬಾಯಿ ಬಿಟ್ಟು ಹೇಳಿದರೆ ತಾನೆ? ನಮ್ಮಲ್ಲಿ ಅದೇ ಕಷ್ಟ. ಹೆಂಗಸರಂತೂ ಪಿರ್ರೆ ನೋವನ್ನು ಪಿರ್ರೆ ನೋವು ಎನ್ನುವುದಿಲ್ಲ. "ಸೊಂಟ ನೋವು" ಎನ್ನುತ್ತಾರೆ, ಕೈಯನ್ನು ಬೆನ್ನ ಮೇಲಿಟ್ಟು ತೋರಿಸುತ್ತಾರೆ. ಬಟ್ಟೆ ಸರಿಸಿ ತೋರಿಸಲು ನಾಚಿಕೆ, ಜೊತೆಗೆ ಬಂದ ಗಂಡನೋ ಮಗನೋ ಪಕ್ಕದಲ್ಲೇ ನಿಂತಿರುತ್ತಾನೆ. ಹಾಗಾಗಿ ಸೊಂಟದ ಎಕ್ಸ್‌ರೇ, ಸೊಂಟದ ಬೆಲ್ಟು, ಸೊಂಟದ ಟ್ರ್ಯಾಕ್ಷನ್ ಎಲ್ಲ ಆಗಿರುತ್ತದೆ, ನೋಯುವ ಜಾಗವನ್ನು ಮಾತ್ರ ಒಬ್ಬರೂ ಮುಟ್ಟಿ ನೋಡಿರುವುದಿಲ್ಲ. ಕ್ಲಿನಿಕ್ಕಿಗೆ ದುಬಾರಿ ಯಂತ್ರ ಆಮೇಲೆ ಬರಲಿ, ಮೊದಲು ಒಂದು ದಪ್ಪನೆಯ ಪರದೆ ಹಾಕಿಸು. ಒಗೆದು ಮಡಚಿಟ್ಟ ನಾಲ್ಕು ಪಂಚೆ, ಬೆಡ್‌ಶೀಟ್ ಇರಲಿ. ನೋಡಬೇಕಾದಷ್ಟೇ ಜಾಗ ತೆರೆದು ಉಳಿದದ್ದು ಮುಚ್ಚು. ಎಲ್ಲಿ ಮುಟ್ಟುತ್ತೇನೆ, ಯಾಕೆ ಮುಟ್ಟುತ್ತೇನೆ, ಎಷ್ಟು ಉದ್ದದ ಸೂಜಿ, ಏನಾಗಬಹುದು ಎಂದು ಮೊದಲೇ ಹೇಳು. ಬೇಡ ಎನ್ನುವ ಹಕ್ಕು ಅವರಿಗಿದೆ ಎನ್ನುವುದನ್ನು ಬಾಯಿಬಿಟ್ಟು ಹೇಳು. ನಮ್ಮ ಹಳ್ಳಿಯ ಹೆಂಗಸರು ಡಾಕ್ಟರ ಎದುರು ಬೇಡ ಎನ್ನಲು ಹಿಂಜರಿಯುತ್ತಾರೆ. ಅವರ ಮೌನವನ್ನು ಒಪ್ಪಿಗೆ ಎಂದುಕೊಳ್ಳಬೇಡ.

ಇನ್ನು ಸೂಜಿಯ ವಿಷಯ. ಔಷಧವಿಲ್ಲದ ಸೂಜಿ ಎಂದರೆ ಜನ ಆಶ್ಚರ್ಯಪಡುತ್ತಾರೆ, ನಿಜವಾದ ಕಥೆ ಹೇಳು. ಅಮೆರಿಕದ ಜಾನೆಟ್ ಟ್ರಾವೆಲ್ ಟ್ರಿಗರ್ ಪಾಯಿಂಟ್ ಎನ್ನುವ ಸ್ನಾಯುವಿನ ಗಂಟುಗಳಿಗೆ ಪ್ರೊಕೇನ್ ಔಷಧ ಚುಚ್ಚಿ ನೋವು ಇಳಿಸುತ್ತಿದ್ದರು. ಬೆನ್ನುನೋವಿನಲ್ಲಿ ನರಳುತ್ತಿದ್ದ ಜಾನ್ ಕೆನಡಿಗೂ ಚಿಕಿತ್ಸೆ ಕೊಟ್ಟರು. ಕೆನಡಿ ಅಧ್ಯಕ್ಷರಾದಾಗ, 1961ರಲ್ಲಿ, ಟ್ರಾವೆಲ್ ಅಧ್ಯಕ್ಷರ ವೈದ್ಯರಾದರು, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಅವರೂ ಡೇವಿಡ್ ಸೈಮನ್ಸ್ ಅವರೂ ಸೇರಿ 1983ರಲ್ಲಿ ಹೊರತಂದ ಟ್ರಿಗರ್ ಪಾಯಿಂಟ್ ಕೈಪಿಡಿಯ ಚಿತ್ರಗಳನ್ನೇ ನೀನೂ ತರಬೇತಿಯಲ್ಲಿ ನೋಡಿರುತ್ತೀಯ. ಅದಕ್ಕೂ ಮೊದಲೇ, 1979ರಲ್ಲಿ ಜೆಕೊಸ್ಲೊವಾಕಿಯಾದ ಕರೆಲ್ ಲೆವಿಟ್, ಪರಿಣಾಮ ಔಷಧದ್ದಲ್ಲ, ಸೂಜಿಯದೇ ಎಂದು ವಾದಿಸಿದರು. 241 ರೋಗಿಗಳಿಗೆ ಬರೀ ಸೂಜಿ ಹಾಕಿದಾಗ ಶೇ. 86.8ರಷ್ಟು ಕಡೆ ತಕ್ಷಣವೇ ನೋವು ಇಳಿಯಿತು ಎಂದು ಬರೆದರು.

ಈ ಅಂಕಿಯನ್ನು ಜಾಹೀರಾತಿನಲ್ಲಿ ಹಾಕುವವರಿದ್ದಾರೆ. ನೀನು ಮುಂದಿನ ಸಾಲನ್ನೂ ಓದು. ಮತ್ತೆ ವಿಚಾರಿಸಿ ನೋಡಿದ 288 ಜಾಗಗಳಲ್ಲಿ ನೋವು ಕಾಯಮ್ಮಾಗಿ ಹೋದದ್ದು 92ರಲ್ಲಿ ಮಾತ್ರ. ಹೋಲಿಸಿ ನೋಡಲು ಸೂಜಿ ಹಾಕದ ಇನ್ನೊಂದು ಗುಂಪೂ ಇರಲಿಲ್ಲ. ಆಮೇಲೆ ಬಂದ ಹೋಲಿಕೆಯ ಅಧ್ಯಯನಗಳ ಒಟ್ಟು ಸಾರವೂ ಇದಕ್ಕಿಂತ ತುಂಬ ದೂರವಿಲ್ಲ: ಕೆಲವು ವಾರಗಳ ಮಟ್ಟಿಗೆ ನೋವು ಕಡಿಮೆ ಮಾಡಲು ಸೂಜಿ ನೆರವಾಗಬಹುದು, ದೀರ್ಘಕಾಲದ ಲಾಭಕ್ಕೆ ಪುರಾವೆ ತೆಳು.

ಸೂಜಿ ಒಳಗೆ ಏನು ಮಾಡುತ್ತದೆ ಎನ್ನುವುದೂ ಪೂರ್ತಿ ತೀರ್ಮಾನವಾದ ವಿಷಯವಲ್ಲ. ಬಿಗಿದ ಎಳೆಯನ್ನು ಸೂಜಿ ಮುಟ್ಟಿದಾಗ ಸ್ನಾಯು ಒಮ್ಮೆ ಪಟಕ್ಕನೆ ಅದುರುತ್ತದಲ್ಲ, ಗಾಳ ಕಚ್ಚಿದ ಮೀನಿನ ಎಳೆತದಂತೆ ಅದು ನಿನ್ನ ಬೆರಳಿಗೂ ತಿಳಿಯುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಜಯ್ ಶಾ ಮತ್ತು ಸಂಗಡಿಗರು ಅತಿ ಸಣ್ಣ ಸೂಜಿಯ ಮೂಲಕ ಆ ಗಂಟುಗಳ ದ್ರವ ತೆಗೆದು ನೋಡಿ 2005ರಲ್ಲಿ ಪ್ರಕಟಿಸಿದರು. ನೋಯುವ ಗಂಟುಗಳಲ್ಲಿ ಆಮ್ಲೀಯತೆ ಹೆಚ್ಚಿತ್ತು, ನೋವು ಹುಟ್ಟಿಸುವ ರಾಸಾಯನಿಕಗಳೂ ಹೆಚ್ಚಿದ್ದವು. ಇದಕ್ಕೆ ಎದುರಾಗಿ ಆಸ್ಟ್ರೇಲಿಯಾದ ಕ್ವಿಂಟ್ನರ್ ಮತ್ತು ಕೋಹೆನ್ ಟ್ರಿಗರ್ ಪಾಯಿಂಟ್ ಸಿದ್ಧಾಂತವನ್ನೇ ಪ್ರಶ್ನಿಸಿದ್ದಾರೆ. ಒಬ್ಬರ ಬೆರಳಿಗೆ ಸಿಕ್ಕ ಗಂಟು ಇನ್ನೊಬ್ಬರಿಗೆ ಸಿಗುವುದಿಲ್ಲ ಎನ್ನುವ ಟೀಕೆಯೂ ಇದೆ. ಎರಡೂ ಕಡೆಯವರನ್ನು ಓದು ಮಗಳೇ. ರೋಗಿಯ ಹತ್ತಿರ "ಗಂಟು ಒಡೆದುಬಿಟ್ಟೆ, ನರ ಬಿಡಿಸಿಬಿಟ್ಟೆ" ಎಂದೆಲ್ಲ ಹೇಳಬೇಡ. "ಬಿಗಿತ ಸಡಿಲವಾಗಿ ನೋವು ಇಳಿಯಬಹುದು, ಎಲ್ಲರಿಗೂ ಒಂದೇ ರೀತಿ ಆಗುವುದಿಲ್ಲ" ಎಂದರೆ ಸಾಕು. ಅಷ್ಟು ಹೇಳಿದರೆ ನಿನ್ನ ಮರ್ಯಾದೆ ಕಡಿಮೆಯಾಗುವುದಿಲ್ಲ.

ಎಲ್ಲ ವಿಚಾರಿಸಿ, ಮುಟ್ಟಿ ನೋಡಿ, ಸೂಜಿ ಹಾಕುವುದೇ ಸರಿ ಎಂದು ತೋರಿತು ಅಂದುಕೋ. ಕೂದಲೆಳೆಯಷ್ಟೇ ಅನ್ನಿಸುವ ಸೂಜಿ ಅದು, ಸುಮಾರು 0.3 ಮಿಲಿಮೀಟರ್ ದಪ್ಪ. ಈ ಸ್ನಾಯು ತಲುಪಲು ಮಾತ್ರ 75ರಿಂದ 100 ಮಿಲಿಮೀಟರ್ ಉದ್ದ ಬೇಕಾಗಬಹುದು. ಅಷ್ಟು ಉದ್ದದಲ್ಲಿ ತಪ್ಪಿಗೆ ಜಾಗ ಹೆಚ್ಚು. ಸೇಕ್ರಮ್ ಕಡೆಗೆ ಹೋದಷ್ಟೂ ಗ್ಲೂಟಿಯಲ್ ರಕ್ತನಾಳಗಳು, ಪ್ಯುಡೆಂಡಲ್ ನರ, ಕಿಬ್ಬೊಟ್ಟೆಯ ಗೂಡು ಹತ್ತಿರವಾಗುತ್ತವೆ. ಹೊಸಬಳಾದ ನೀನು ತೊಡೆಮೂಳೆಯ ಗುಬುಟಿನ ಕಡೆಯ ಭಾಗವನ್ನು ಬಿಟ್ಟು ಒಳಕ್ಕೆ ಹೋಗಬೇಡ. ಅಲ್ಟ್ರಾಸೌಂಡ್ ನೋಡಿಕೊಂಡು ಮಾಡುವವರ ಜೊತೆ ಕೆಲವು ಕಾಲ ನಿಂತು ನೋಡಿದರೆ ಇನ್ನೂ ಒಳ್ಳೆಯದು. "ಕಾಲಿಗೆ ಕರೆಂಟ್ ಹೊಡೆದ ಹಾಗಾಯ್ತು" ಎಂದರೆ ಅಲ್ಲಿಗೇ ನಿಲ್ಲಿಸಿ ಸೂಜಿ ಹಿಂದಕ್ಕೆ ತೆಗೆ. ಪೃಷ್ಠಕ್ಕೆ ಇಂಜೆಕ್ಷನ್ ಕೊಡುವಾಗ ಮೇಲಿನ ಹೊರಮೂಲೆಯಲ್ಲೇ ಕೊಡಬೇಕೆಂದು ನರ್ಸುಗಳಿಗೆ ಕಲಿಸುವುದು ಈ ನರವನ್ನು ಉಳಿಸಲೆಂದೇ. ಜಾಗ ತಪ್ಪಿದ ಇಂಜೆಕ್ಷನ್ನಿನಿಂದ ಪಾದ ಜೋತುಬಿದ್ದ ಮಕ್ಕಳನ್ನು ನಮ್ಮ ಕಾಲದ ಫಿಸಿಯೋಥೆರಪಿ ವಿಭಾಗಗಳು ಕಂಡಿವೆ. ನಿನ್ನ ಸೂಜಿ ತೆಳು, ಅದರಲ್ಲಿ ಔಷಧವಿಲ್ಲ, ಅಪಾಯ ಅಷ್ಟಿಲ್ಲ. ಹಾಗೆಂದು ನರ ಯಾರನ್ನೂ ನೋಡಿ ದಾರಿ ಬಿಡುವುದಿಲ್ಲ.

ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾರೆಯೇ ಎಂದು ಮರೆಯದೆ ಕೇಳು. ಸ್ಟೆಂಟ್ ಹಾಕಿಸಿಕೊಂಡವರು ಅದನ್ನು "ಹಾರ್ಟಿನ ಮಾತ್ರೆ" ಎನ್ನುತ್ತಾರೆ, ಚೀಟಿ ತರಿಸಿ ನೋಡು. ಅದನ್ನು ನಿಲ್ಲಿಸಿ ಬನ್ನಿ ಎಂದು ನೀನಾಗಿ ಹೇಳಲೇಬೇಡ. ಗರ್ಭಿಣಿಯರು, ಸಕ್ಕರೆ ಹತೋಟಿಯಲ್ಲಿಲ್ಲದವರು, ಆ ಜಾಗದಲ್ಲಿ ಹುಣ್ಣೋ ಸೋಂಕೋ ಇರುವವರು, ಸೂಜಿ ಕಂಡರೆ ತಲೆ ಸುತ್ತಿ ಬೀಳುವವರು, ಇವರಿಗೆ ಬೇರೆ ದಾರಿ ಇದೆ. ಬಳಸಿದ ಸೂಜಿಯನ್ನು ಮತ್ತೆ ಮುಚ್ಚಲು ಹೋಗದೆ, ಚುಚ್ಚಿ ತೂತಾಗದ ಬಿಳಿ ಡಬ್ಬಕ್ಕೆ ನೇರ ಹಾಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಹೇಳುವುದೂ ಅದನ್ನೇ. ಕಸ ಗುಡಿಸುವ ಹೆಂಗಸಿನ ಕೈ ನೆನಪಿರಲಿ.

ಸೂಜಿ ತೆಗೆದಮೇಲೆ ಒಂದೆರಡು ದಿನ ಆ ಜಾಗ ಹುಣ್ಣಾದಂತೆ ನೋಯಬಹುದು, ಚೂರು ನೀಲಿಗಟ್ಟಬಹುದು. ಮೊದಲೇ ಹೇಳಿರದಿದ್ದರೆ ರಾತ್ರಿ ಹತ್ತಕ್ಕೆ ನಿನ್ನ ಫೋನ್ ರಿಂಗಾಗುತ್ತದೆ. ನೋವು ಇಳಿದ ಆ ದಿನಗಳಲ್ಲೇ ವ್ಯಾಯಾಮ ಶುರು ಮಾಡಿಸು. ಮಲಗಿ ಸೊಂಟ ಎತ್ತುವುದು, ಪಕ್ಕಕ್ಕೆ ಮಲಗಿ ಮೊಣಕಾಲು ತೆರೆಯುವುದು, ಕಾಲ ಮೇಲೆ ಕಾಲಿಟ್ಟು ತೊಡೆಯನ್ನು ಎದೆಯ ಕಡೆ ಎಳೆದುಕೊಳ್ಳುವುದು. ಇವೇನೂ ಬ್ರಹ್ಮವಿದ್ಯೆಯಲ್ಲ, ದಿನಾ ಮಾಡಿಸುವುದೇ ವಿದ್ಯೆ. ಜೊತೆಗೆ ಅವರ ದುಡಿಮೆಯನ್ನೂ ಕೇಳು. ಆಟೋ ಓಡಿಸುವವರು, ಒಂದೇ ಕಾಲಿನಲ್ಲಿ ಹೊಲಿಗೆ ಯಂತ್ರ ತುಳಿಯುವವರು, ನೆಲದ ಮೇಲೆ ಕೂತು ದಿನವಿಡೀ ಬೀಡಿ ಕಟ್ಟುವವರು, ಲ್ಯಾಪ್‌ಟಾಪ್ ಮುಂದೆ ಊಟವನ್ನೂ ಮುಗಿಸುವವರು. ಆಟೋದವರಿಗೆ "ಅರ್ಧ ಗಂಟೆಗೊಮ್ಮೆ ಎದ್ದು ನಡೆಯಿರಿ" ಎಂದರೆ ನಗುತ್ತಾರೆ. "ಪ್ರತಿ ಬಾಡಿಗೆ ಮುಗಿದಾಗ ಇಳಿದು ಗಾಡಿಗೆ ಒಂದು ಸುತ್ತು ಹಾಕಿ" ಎಂದರೆ ಮಾಡುತ್ತಾರೆ.

ಎರಡು ಮೂರು ಸಲ ಸೂಜಿ ಹಾಕಿದರೂ ಏನೂ ಬದಲಾಗದಿದ್ದರೆ ನಾಲ್ಕನೆಯದಕ್ಕೆ ಕೈ ಹಾಕುವ ಮೊದಲು ನಿನ್ನ ನಿದಾನವನ್ನೇ ಮತ್ತೆ ಪರೀಕ್ಷಿಸು. ಹತ್ತು ಸಿಟ್ಟಿಂಗಿನ ಪ್ಯಾಕೇಜ್ ಮಾಡಿ ಮುಂಗಡ ಹಣ ತೆಗೆದುಕೊಳ್ಳುವ ಪದ್ಧತಿ ಈಗ ಎಲ್ಲೆಡೆ ಬಂದಿದೆಯಂತೆ. ಬೇಡ ಕಣೇ. ಹಣ ಮೊದಲೇ ಬಂದಿದ್ದರೆ ಮೂರನೆಯ ಸಲಕ್ಕೆ ನಿಲ್ಲಿಸುವ ಮನಸ್ಸು ಯಾರಿಗೂ ಬರುವುದಿಲ್ಲ. ಬಾಡಿಗೆ, ಸಾಲದ ಕಂತು ಎಲ್ಲ ನಿನಗಿದೆ, ನನಗೆ ಗೊತ್ತು. ಸೂಜಿಗೆ ಇಷ್ಟು ಎಂದು ದರ ಬರೆಯುವ ಬದಲು ನಿನ್ನ ಸಮಯಕ್ಕೆ, ಪರೀಕ್ಷೆಗೆ ದರ ಇಡು. ಆಗ ಸೂಜಿ ಹಾಕಿದರೂ ಹಾಕದಿದ್ದರೂ ನಿನ್ನ ಅನ್ನಕ್ಕೆ ಧಕ್ಕೆ ಬರುವುದಿಲ್ಲ, ತೀರ್ಮಾನವೂ ನೆಟ್ಟಗಿರುತ್ತದೆ.

ಒಂದು ಕೆಲಸ ಹೇಳುತ್ತೇನೆ, ಮಾಡುತ್ತೀಯಾ? ಕ್ಲಿನಿಕ್ಕಿನಲ್ಲಿ ಎರಡು ನೋಟ್‌ಬುಕ್ ಇಡು. ಒಂದರಲ್ಲಿ ಸೂಜಿ ಹಾಕಿದವರ ವಿವರ ಹೇಗೂ ಬರೆಯುತ್ತೀಯ. ಇನ್ನೊಂದರಲ್ಲಿ ಸೂಜಿ ಕೇಳಿಕೊಂಡು ಬಂದರೂ ನೀನು ಹಾಕದೆ ಕಳಿಸಿದವರನ್ನು ಬರೆ: ಯಾಕೆ ಹಾಕಲಿಲ್ಲ, ಎಲ್ಲಿಗೆ ಕಳಿಸಿದೆ, ಆಮೇಲೆ ಏನೆಂದು ತಿಳಿಯಿತು. ಹೆಸರು ಬೇಡ, ಸಂಗತಿ ಸಾಕು. ದೀಪಾವಳಿಗೆ ಬರುವಾಗ ಎರಡನೆಯ ನೋಟ್‌ಬುಕ್ ತಾ. ಅದರಲ್ಲಿ ಪುಟಗಳು ತುಂಬಿದ್ದರೆ ನೀನು ಕಲಿಯುತ್ತಿದ್ದೀಯ ಎಂದು ನನಗೆ ಧೈರ್ಯ. ಖಾಲಿ ಇದ್ದರೆ ಹೋಳಿಗೆ ಬಡಿಸುವ ಮೊದಲು ಜಗಳವಾಡೋಣ.

ಅಪ್ಪ ಅಮ್ಮನಿಗೆ ನನ್ನ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ,
ದೊಡ್ಡಮ್ಮ

ತಾ.ಕ.: ನಿನ್ನಪ್ಪ ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಇಟ್ಟಿಗೆಯಷ್ಟು ದಪ್ಪದ ಪರ್ಸ್ ಇಟ್ಟುಕೊಂಡು ಅದರ ಮೇಲೇ ಕೂರುತ್ತಾನಲ್ಲ, ಬಲಗಾಲು ಜೋಮು ಎನ್ನುತ್ತಿದ್ದನಂತೆ. ಹೀಗೆ ಪರ್ಸಿನ ಮೇಲೆ ಕೂತು ಸಯಾಟಿಕಾ ತರಿಸಿಕೊಂಡವರ ಬಗ್ಗೆ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ 1978ರಲ್ಲೇ ಬರೆದಿದ್ದಾರೆ. ಮೊದಲು ಪರ್ಸನ್ನು ಮುಂದಿನ ಜೇಬಿಗೆ ಹಾಕಿಸು, ನಾಲ್ಕು ವಾರ ನೋಡು. ಅವನು ಸೂಜಿ ಕೇಳಿದರೂ ಹಾಕಬೇಡ. ಎರಡನೆಯ ನೋಟ್‌ಬುಕ್ಕಿನ ಮೊದಲ ಹೆಸರು ಅವನದೇ ಆಗಲಿ, ಅವನ ಹೆಸರನ್ನು ಮಾತ್ರ ಬರೆದರೂ ಪರವಾಗಿಲ್ಲ.